ತಲೆ ಕಾಯದ ಟೋಪಿ

ವಿಡಿಯೊ ಗೇಮಿನ ಪಾತ್ರದ ಬಲವನ್ನಾಗಲಿ ವೇಗವನ್ನಾಗಲಿ ಎಳ್ಳಷ್ಟೂ ಹೆಚ್ಚಿಸದೆ, ಬರಿಯ ಚೆಂದಕ್ಕಾಗಿ ತೊಡಿಸುವ ವಸ್ತುಗಳನ್ನು ‘ಕಾಸ್ಮೆಟಿಕ್’ ಎನ್ನುತ್ತಾರೆ. ಮುಂದೆ ಸಣ್ಣ ಅಂಚುಳ್ಳ ಚಪ್ಪಟೆ ಉಣ್ಣೆಟೋಪಿಯಾದ ಫ್ಲ್ಯಾಟ್ ಕ್ಯಾಪ್ ಈ ವರ್ಗದ ವಿನಯಶೀಲ ಸದಸ್ಯ. 2007ರಲ್ಲಿ ಬಂದ ‘ಟೀಮ್ ಫೋರ್ಟ್ರೆಸ್ 2’ ಎಂಬ ಗುಂಡಿನ ಕಾಳಗದ ಆಟಕ್ಕೆ 2009ರಲ್ಲಿ ಟೋಪಿಗಳು ಸೇರಿ, 2010ರಲ್ಲಿ ಅವುಗಳ ಅಂಗಡಿಯೂ ತೆರೆದು, 2011ರಲ್ಲಿ ಆಟವೇ ಉಚಿತವಾದಾಗ, ಯುದ್ಧ ಬಿಟ್ಟಿ, ಶಿರೋಭೂಷಣಕ್ಕೆ ಮಾತ್ರ ಕಾಸು ಎಂಬ ವಿಚಿತ್ರ ಅರ್ಥಶಾಸ್ತ್ರ ಸ್ಥಾಪನೆಗೊಂಡಿತು.

ಈ ಆಟದಲ್ಲಿ ಲೋಕವು ಪಾತ್ರದ ಕಣ್ಣಿನಿಂದಲೇ ಕಾಣುವುದರಿಂದ, ಕಾಳಗದ ನಡುವೆ ಟೋಪಿಯ ಒಡೆಯನಿಗೆ ತನ್ನ ಟೋಪಿ ಕಾಣುವುದಿಲ್ಲ. ಆದರೆ ಅವನಿಂದ ಹತನಾದವನ ಪರದೆಯ ಮೇಲೆ ಕೊಂದವನ ಚಿತ್ರ ಕ್ಷಣಕಾಲ ಸ್ಥಿರವಾಗಿ ನಿಲ್ಲುವುದರಿಂದ, ಹಣ ಕೊಟ್ಟವನಿಗೆ ದಕ್ಕದ ದರ್ಶನಭಾಗ್ಯ ಪ್ರಾಣ ಕೊಟ್ಟವನಿಗೆ ದಕ್ಕುತ್ತದೆ.

ಚಪ್ಪಟೆ ಟೋಪಿಯ ಪೂರ್ವಜರಿಗೂ ಇಂತಹ ವೈಭವವಿತ್ತು. 1571ರಲ್ಲಿ ಇಂಗ್ಲೆಂಡಿನ ಸಂಸತ್ತು ಉಣ್ಣೆ ಉದ್ಯಮವನ್ನು ಉಳಿಸಲೆಂದು, ಆರು ವರ್ಷ ಮೀರಿದ ಸಾಮಾನ್ಯ ಜನರು ಭಾನುವಾರ ಹಾಗೂ ಹಬ್ಬದ ದಿನಗಳಲ್ಲಿ ಉಣ್ಣೆಟೋಪಿ ಧರಿಸಲೇಬೇಕೆಂದು ಶಾಸನ ಮಾಡಿ, ತಪ್ಪಿದವರಿಗೆ ದಿನಕ್ಕೆ 3 ಷಿಲಿಂಗ್ 4 ಪೆನ್ಸ್ ದಂಡ ವಿಧಿಸಿತು. ಕುಲೀನರಿಗೆ ವಿನಾಯಿತಿಯಿತ್ತು. 1597ರಲ್ಲಿ ಶಾಸನ ರದ್ದಾಯಿತು. ಅಂದು ಟೋಪಿ ಧರಿಸದವರು ದಂಡ ತೆರಬೇಕಿತ್ತು. ಇಂದು ಧರಿಸಬಯಸುವವರು ಯಾವ ಕಾನೂನಿನ ಬಲವಂತವೂ ಇಲ್ಲದೆ, ಮಳೆಯೂ ಚಳಿಯೂ ತಾಗದ ತಲೆಗಾಗಿ, ಸಂತೋಷದಿಂದಲೇ ದಂಡ ತೆರುತ್ತಾರೆ. ಪ್ರಜೆಗಳ ಇಂತಹ ಸ್ವಯಂಪ್ರೇರಿತ ವಿಧೇಯತೆ ಅಂದು ಆಳುತ್ತಿದ್ದ ಒಂದನೆಯ ಎಲಿಜಬೆತ್ ರಾಣಿಗೂ ಲಭಿಸಿರಲಿಲ್ಲ.