ಶನಿವಾರ ರಾತ್ರಿಯ ದೃಷ್ಟಾಂತಶಾಸ್ತ್ರ

ಕ್ರೈಸ್ತರ ಭಾನುವಾರದ ಆರಾಧನೆಯಲ್ಲಿ ಅಂದಿನ ಸತ್ಯವೇದ ಪಾಠಗಳನ್ನು ಓದಿ ಮುಗಿಸಿದ ಮೇಲೆ ಅವುಗಳ ಅರ್ಥವನ್ನು ಸಭೆಗೆ ಬಿಡಿಸಿ ಹೇಳುವ ಮಾತನ್ನು ಪ್ರಾಟೆಸ್ಟೆಂಟರು ಪ್ರಸಂಗವೆಂದೂ ಕಥೋಲಿಕರು ಪ್ರಬೋಧನೆಯೆಂದೂ ಕರೆಯುತ್ತಾರೆ. ಹೆಸರು ಯಾವುದಾದರೂ ಆಗಲಿ, ಅದರಲ್ಲಿ ಸಭಿಕರು ಕಾದು ಕೂತಿರುವುದು ದೃಷ್ಟಾಂತಕ್ಕೆ. ವೇದವಾಕ್ಯದ ತಾತ್ಪರ್ಯವು ಕಣ್ಣಿಗೆ ಕಟ್ಟಲೆಂದು ಬೋಧಕನು ಲೋಕದಿಂದ ಎತ್ತಿಕೊಂಡು ಬರುವ ಕಥೆಗೋ ಘಟನೆಗೋ ದೃಷ್ಟಾಂತವೆಂದು ಹೆಸರು. ಪೀಠದಿಂದ “ಒಂದೂರಿನಲ್ಲಿ” ಎಂಬ ಮಾತು ಹೊರಟೊಡನೆ ಹಿಂದಿನ ಬೆಂಚುಗಳಲ್ಲಿ ಬಾಗಿದ್ದ ತಲೆಗಳು ಮೇಲೇಳುವುದನ್ನೂ, “ಆದುದರಿಂದ ಪ್ರಿಯರೇ” ಎಂಬ ಮಾತು ಬಂದೊಡನೆ ಅವೇ ತಲೆಗಳು ಸ್ವಸ್ಥಾನಕ್ಕೆ ಮರಳುವುದನ್ನೂ ಯಾವ ಭಾನುವಾರ ಬೇಕಾದರೂ ಪರೀಕ್ಷಿಸಿ ನೋಡಬಹುದು.

ಬೋಧಕನಿಗೆ ವಾಕ್ಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದಿದ್ದರೆ ದೃಷ್ಟಾಂತದ ಶೋಧ ಇಷ್ಟು ಕಠಿಣವಾಗುತ್ತಿರಲಿಲ್ಲ. ಕೈಯಲ್ಲಿರುವ ಕಥೆಗೆ ಒಪ್ಪುವ ವಾಕ್ಯವನ್ನು ಹುಡುಕಿಕೊಂಡರೆ ಆಗುತ್ತಿತ್ತು, ಮತ್ತು ಆ ಹಾದಿ ಹಿಡಿದವರು ಇಲ್ಲವೆಂದೇನೂ ಅಲ್ಲ. ಆದರೆ ಪರಂಪರೆಯುಳ್ಳ ಸಭೆಗಳಲ್ಲಿ ವಾಚನಪಟ್ಟಿಯೆಂಬುದೊಂದಿದೆ. ಯಾವ ಭಾನುವಾರ ಸತ್ಯವೇದದ ಯಾವ ಭಾಗವನ್ನು ಓದಬೇಕೆಂದು ಅದು ಮೊದಲೇ ಗೊತ್ತುಮಾಡಿ ಇಟ್ಟಿರುತ್ತದೆ. ಕಥೋಲಿಕ ಸಭೆಯು 1969ರಲ್ಲಿ ಹೊರಡಿಸಿದ ಪಟ್ಟಿಯಲ್ಲಿ ಮೂರು ವರ್ಷಗಳ ಒಂದು ಸುತ್ತು ಇದ್ದು, ಒಂದು ವರ್ಷ ಮತ್ತಾಯನ ಸುವಾರ್ತೆ, ಮರುವರ್ಷ ಮಾರ್ಕನದು, ಮೂರನೆಯ ವರ್ಷ ಲೂಕನದು ಎಂಬ ಕ್ರಮವಿದೆ. ಬಹುಮಟ್ಟಿಗೆ ಇದೇ ಜಾಡಿನಲ್ಲಿ 1992ರಲ್ಲಿ ಹಲವು ಪ್ರಾಟೆಸ್ಟೆಂಟ್ ಸಭೆಗಳಿಗಾಗಿ ಇನ್ನೊಂದು ಪಟ್ಟಿ ಸಿದ್ಧವಾಯಿತು. 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ದಕ್ಷಿಣ ಭಾರತ ಸಭೆ, ಅಂದರೆ ಎಲ್ಲರ ಬಾಯಲ್ಲಿರುವ ಸಿಎಸ್‌ಐ, ತನ್ನದೇ ಆಲ್ಮನಾಕ್ ಅಚ್ಚುಹಾಕಿಸಿ ಪ್ರತಿ ಭಾನುವಾರದ ಪಾಠಗಳ ನೆತ್ತಿಯ ಮೇಲೆ ಒಂದು ವಿಷಯವನ್ನೂ ಕೂರಿಸುತ್ತದೆ. ಪಾಠವೂ ಸಿಕ್ಕಿತು, ವಿಷಯವೂ ಸಿಕ್ಕಿತು. ದೃಷ್ಟಾಂತವನ್ನು ಮಾತ್ರ ಯಾವ ಸಮಿತಿಯೂ ಅಚ್ಚುಹಾಕಿಸಿ ಕಳಿಸುವುದಿಲ್ಲ.

ಇಂಥ ಪಟ್ಟಿಗೆ ಬೋಧಕರ ಮೇಲೆ ಕರುಣೆಯಿಲ್ಲವೆಂಬುದಕ್ಕೆ ಯೋಹಾನನ ಸುವಾರ್ತೆಯ ಆರನೆಯ ಅಧ್ಯಾಯವೊಂದೇ ಸಾಕು. ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನದು ಅತಿ ಚಿಕ್ಕದಾದುದರಿಂದ ಅದು ಒಂದು ವರ್ಷದ ಭಾನುವಾರಗಳಿಗೆ ಸಾಲದೆ ಬರುತ್ತದೆ. ಆ ಕೊರತೆಯನ್ನು ತುಂಬಲು ಪಟ್ಟಿ ಮಾಡಿದವರು ಮಾರ್ಕನ ವರ್ಷದ ಜುಲೈ ಕೊನೆಯಿಂದ ಆಗಸ್ಟ್ ಕೊನೆಯವರೆಗೆ, ಬಿಟ್ಟೂಬಿಡದೆ ಐದು ಭಾನುವಾರ, ಯೋಹಾನನ ಆ ಅಧ್ಯಾಯವನ್ನೇ ತುಂಡು ತುಂಡಾಗಿ ಬಡಿಸಿದ್ದಾರೆ. ಅಧ್ಯಾಯದ ವಸ್ತು ರೊಟ್ಟಿ. ಐದು ರೊಟ್ಟಿ, ಎರಡು ಮೀನುಗಳಿಂದ ಐದು ಸಾವಿರ ಮಂದಿಯ ಹೊಟ್ಟೆ ತುಂಬಿದ ಅದ್ಭುತದಿಂದ ಮೊದಲಾಗಿ, ತಾನೇ ಜೀವದ ರೊಟ್ಟಿಯೆಂದು ಯೇಸು ಹೇಳುವ ದೀರ್ಘ ಸಂವಾದದವರೆಗೆ ಅದು ಹರಿಯುತ್ತದೆ. ಮೊದಲ ವಾರ ಬೋಧಕರು ಜೋಳದ ರೊಟ್ಟಿ ಬಡಿಯುವ ತಾಯಿಯನ್ನು ಕರೆತರುತ್ತಾರೆ, ಎರಡನೆಯ ವಾರ ಅಕ್ಕಿರೊಟ್ಟಿಯೊಡನೆ ಮಲೆನಾಡಿಗೆ ಹೋಗಿಬರುತ್ತಾರೆ, ಮೂರನೆಯ ವಾರ ಬೇಕರಿಯ ಬನ್ನಿಗೆ ಇಳಿಯುತ್ತಾರೆ, ನಾಲ್ಕನೆಯ ವಾರ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಲ್ಲುತ್ತಾರೆ; ಐದನೆಯ ವಾರಕ್ಕೆ ಹಿಟ್ಟಿನ ಡಬ್ಬಿಯೇ ಖಾಲಿ. ಪಟ್ಟಿಯ ವಿನೋದಪ್ರಜ್ಞೆ ಬೆಳಗುವುದು ಇಲ್ಲಿಯೇ: ಐದನೆಯ ಭಾನುವಾರದ ಪಾಠದಲ್ಲಿ, ಈ ಬೋಧನೆ ತಮ್ಮಿಂದ ತಾಳಲಾಗದ್ದೆಂದು ಹೇಳಿ ಶಿಷ್ಯರಲ್ಲಿಯೇ ಅನೇಕರು ಗುರುವನ್ನು ಬಿಟ್ಟು ಎದ್ದುಹೋಗುತ್ತಾರೆ. ಅದೊಂದು ದಿನ ಮಾತ್ರ ದೃಷ್ಟಾಂತವನ್ನು ಹೊರಗೆಲ್ಲೂ ಹುಡುಕಬೇಕಾಗಿಲ್ಲ, ಎದುರಿನ ಬೆಂಚುಗಳನ್ನು ನೋಡಿದರೆ ಆಯಿತು.

ಇದಕ್ಕಿಂತಲೂ ಸೂಕ್ಷ್ಮವಾದ ತೊಡಕೊಂದಿದೆ. ಸುವಾರ್ತೆಯ ಪಾಠಗಳಲ್ಲಿ ಹಲವು ಸಾಮ್ಯಗಳು, ಎಂದರೆ ಯೇಸುವು ಪರಲೋಕರಾಜ್ಯದ ಸಂಗತಿಯನ್ನು ಬಿತ್ತನೆ, ಕುರಿ, ದೀಪ, ಹುಳಿಹಿಟ್ಟು ಮೊದಲಾದವುಗಳ ಮೂಲಕ ತಿಳಿಸಿದ ಕಥೆಗಳು. ಅವು ತಾವೇ ದೃಷ್ಟಾಂತಗಳಾಗಿರುವಾಗ ಅವುಗಳಿಗೊಂದು ದೃಷ್ಟಾಂತವನ್ನು ಹುಡುಕುವ ಕೆಲಸ ತಾರ್ಕಿಕರ ದೃಷ್ಟಿಯಲ್ಲಿ ಅನವಸ್ಥಾದೋಷವಾದೀತು. ಬೋಧಕರ ದೃಷ್ಟಿಯಲ್ಲಿ ಅದು ಶನಿವಾರದ ರಾತ್ರಿ. ಬೆಂಗಳೂರಿನ ಸಭೆಯಲ್ಲಿ ಬಿತ್ತುವವನನ್ನು ಕಂಡವರು ಕಡಿಮೆ, ಆದ್ದರಿಂದ ಬಿತ್ತನೆಯನ್ನು ವಿವರಿಸಲು ಷೇರು ಹೂಡಿಕೆಯ ಮೊರೆಹೋಗಬೇಕು. ಹಳ್ಳಿಯ ಸಭೆಯ ಕಷ್ಟ ಇದರ ತಿರುವು: ಅಲ್ಲಿ ಕೇಳುವವರಿಗೆ ಬೋಧಕರಿಗಿಂತ ಹೆಚ್ಚು ಗೊತ್ತು. ಸಾಸಿವೆಯ ಕಾಳು ಮೊಳೆತು ಮರವಾಗಿ, ಹಕ್ಕಿಗಳು ಅದರ ಕೊಂಬೆಗಳಲ್ಲಿ ಬಂದು ಕೂರುವ ಸಾಮ್ಯವನ್ನು ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ವರ್ಷಾ ವರ್ಷಾ ಸಾಸಿವೆ ಹಾಕುವ ರೈತನ ಮುಂದೆ ಹೇಳಿದರೆ, ಆತ ಎದೆಯ ಮಟ್ಟಕ್ಕೆ ಕೈಯಿಟ್ಟು ಪಕ್ಕದವನಿಗೆ ಅಳತೆ ತೋರಿಸುತ್ತಾನೆ. ಬೋಧಕರು “ಅದು ಆ ದೇಶದ ಸಾಸಿವೆ” ಎಂದು ಹೇಳಿ ಮುಂದಿನ ವಚನಕ್ಕೆ ದಾಟುತ್ತಾರೆ. ತಪ್ಪಿಹೋದ ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಅಡವಿಯಲ್ಲಿ ಬಿಟ್ಟುಹೋದ ಕುರುಬನ ಸಾಮ್ಯ ಗದಗಿನ ಕಡೆಯ ಹಳ್ಳಿಯಲ್ಲಿ ಇನ್ನೂ ಅಪಾಯಕಾರಿ. ಆರಾಧನೆ ಮುಗಿದು ಬಾಗಿಲ ಬಳಿ ಕೈಮುಗಿಯುವಾಗ, ಹೆಗಲ ಮೇಲೆ ಕಂಬಳಿ ಹೊದ್ದ ಹಿರಿಯನೊಬ್ಬ, ಯಾವ ವ್ಯಂಗ್ಯವೂ ಇಲ್ಲದೆ, ಕೇಳುವ ಪ್ರಶ್ನೆ ಒಂದೇ: “ಅಲ್ರೀ ಅಯ್ಯನವರ, ಉಳಿದ ತೊಂಬತ್ತೊಂಬತ್ತು ಯಾರ ಕೈಯಾಗ ಬಿಟ್ಟು ಹೋದ್ನಂತ್ರೀ? ತ್ವಾಳ ಇರಲಿಲ್ಲೇನ್ರಿ ಆ ಸೀಮ್ಯಾಗ?” ವ್ಯಾಖ್ಯಾನಗ್ರಂಥಗಳು ಈ ವಿಷಯದಲ್ಲಿ ಬಹಳಷ್ಟು ಬರೆದಿವೆ, ಆದರೆ ಕಂಬಳಿ ಹೊದ್ದವರಿಗೆ ಒಪ್ಪಿಗೆಯಾಗುವಂತೆ ಬರೆದಿಲ್ಲ.

ದೃಷ್ಟಾಂತಗಳ ಈ ಬರ ಇಂದಿನದಲ್ಲ. ಹದಿಮೂರನೆಯ ಶತಮಾನದ ಜರ್ಮನಿಯ ಸಂನ್ಯಾಸಿ, ಹೈಸ್ಟರ್‌ಬಾಖ್ ಮಠದ ಸೀಜೇರಿಯಸ್, ತನ್ನ ಗ್ರಂಥದಲ್ಲಿ ಒಬ್ಬ ಮಠಾಧೀಶನ ಸಂಗತಿಯನ್ನು ದಾಖಲಿಸಿದ್ದಾನೆ: ಬೋಧನೆಯ ನಡುವೆ ಸಹೋದರರು ತೂಕಡಿಸುವುದನ್ನೂ ಕೆಲವರು ಗೊರಕೆಯನ್ನೇ ಹೊಡೆಯುವುದನ್ನೂ ಕಂಡ ಆ ಮಠಾಧೀಶ, ಆರ್ಥರ್ ಎಂಬೊಬ್ಬ ರಾಜನಿದ್ದನೆಂದು ಥಟ್ಟನೆ ಕಥೆ ತೆಗೆದಾಗ ಎಲ್ಲರೂ ಕಣ್ಣು ಬಿಟ್ಟು ಕೂತರಂತೆ, ಅಷ್ಟಕ್ಕೇ ಕಥೆಯನ್ನು ನಿಲ್ಲಿಸಿ, ದೇವರ ಮಾತಿಗೆ ನಿದ್ದೆ, ಹರಟೆಗೆ ಎಚ್ಚರವೇ ಎಂದು ಆತ ಅವರನ್ನು ತರಾಟೆಗೆ ತೆಗೆದುಕೊಂಡನಂತೆ. ಆರ್ಥರನಿಗೆ ಮುಂದೇನಾಯಿತೆಂದು ತಿಳಿಯದೆ ಆ ಸಹೋದರರು ಪಟ್ಟ ಸಂಕಟವನ್ನು ಸೀಜೇರಿಯಸ್ ದಾಖಲಿಸಿಲ್ಲ. ಅದೇ ಕಾಲದಲ್ಲಿ ಬೋಧಕರ ಉಪಯೋಗಕ್ಕೆಂದೇ ಕಥಾಕೋಶಗಳು ಸಿದ್ಧವಾಗತೊಡಗಿದವು. ಕೋಪ, ಲೋಭ, ದಾನ ಎಂದು ಅಕಾರಾದಿಯಾಗಿ ಜೋಡಿಸಿದ ಕೋಶಗಳೂ ಬಂದವು. ಹದಿನೈದನೆಯ ಶತಮಾನದಲ್ಲಿ ಕೊಲೋನಿನ ಫ್ರಾನ್ಸಿಸ್ಕನ್ ಸಂನ್ಯಾಸಿಯೊಬ್ಬ ವರ್ಷದ ಭಾನುವಾರಗಳಿಗೆಲ್ಲ ಪ್ರಸಂಗಗಳನ್ನು ಬರೆದು ಇಟ್ಟ ಸಂಕಲನಕ್ಕೆ ‘ದೋರ್ಮಿ ಸೆಕ್ಯೂರೆ’, ಎಂದರೆ ‘ನಿಶ್ಚಿಂತೆಯಿಂದ ನಿದ್ರಿಸು’, ಎಂಬ ಹೆಸರೇ ನಿಂತಿತು. ಶನಿವಾರ ರಾತ್ರಿ ಬೋಧಕನು ನಿದ್ದೆಗೆಡಬಾರದೆಂಬ ಸದುದ್ದೇಶದ ಈ ಗ್ರಂಥ, ಮುದ್ರಣ ಬಂದ ಮೇಲೆ, ಮತ್ತೆ ಮತ್ತೆ ಅಚ್ಚಾಯಿತು. ಭಾನುವಾರ ಬೆಳಿಗ್ಗೆ ಸಭಿಕರೂ ಅದರ ಹೆಸರಿನಂತೆಯೇ ನಡೆದುಕೊಂಡಿರಬೇಕು.

ಕಥಾಕೋಶಗಳನ್ನು ಕಟ್ಟಿದವರಲ್ಲಿ ಫ್ರಾನ್ಸಿನ ಎತಿಯೆನ್ ದ ಬೂರ್ಬೋನ್ ಎಂಬ ಡೊಮಿನಿಕನ್ ಸಂನ್ಯಾಸಿಯ ಪ್ರಕರಣ ಕನ್ನಡ ಓದುಗರು ವಿಶೇಷವಾಗಿ ಗಮನಿಸತಕ್ಕದ್ದು. ಹದಿಮೂರನೆಯ ಶತಮಾನದ ನಡುವಿನಲ್ಲಿ ಲಿಯೋನ್ ನಗರದ ಉತ್ತರಕ್ಕಿರುವ ಹಳ್ಳಿಗಳಲ್ಲಿ ಪಾಪನಿವೇದನೆ ಕೇಳುತ್ತಿದ್ದಾಗ, ತಾಯಂದಿರು ಮಕ್ಕಳ ಆರೋಗ್ಯಕ್ಕಾಗಿ ಸಂತ ಗಿನ್‌ಫೋರನಿಗೆ ಹರಕೆ ಹೊರುವುದು ಅವನ ಕಿವಿಗೆ ಬಿತ್ತು. ವಿಚಾರಿಸಲಾಗಿ ಆ ಸಂತ ಒಂದು ಬೇಟೆನಾಯಿಯೆಂದು ತಿಳಿಯಿತು. ತೊಟ್ಟಿಲ ಮಗುವನ್ನು ಹಾವಿನಿಂದ ಕಾಪಾಡಿ ರಕ್ತಸಿಕ್ತ ಬಾಯಿಯೊಡನೆ ನಿಂತಿದ್ದ ನಾಯಿಯನ್ನು, ಅದು ಮಗುವನ್ನೇ ತಿಂದಿತೆಂದು ಭಾವಿಸಿ ಯಜಮಾನ ಕೊಂದನು, ಆಮೇಲೆ ಸತ್ತ ಹಾವನ್ನು ಕಂಡು ಗೋಳಾಡಿದನು. ಪಂಚತಂತ್ರದ ಬ್ರಾಹ್ಮಣನ ಮನೆಯ ಮುಂಗುಸಿ ಅರ್ಧ ಭೂಮಂಡಲವನ್ನು ನಡೆದುಹೋಗಿ, ದಾರಿಯಲ್ಲಿ ಜಾತಿ ಬದಲಿಸಿಕೊಂಡು ನಾಯಿಯಾಗಿ, ಕೊನೆಗೆ ಸಂತಪದವಿಯನ್ನೂ ಗಿಟ್ಟಿಸಿಕೊಂಡ ಬಗೆ ಇದು. ಎತಿಯೆನ್ ಕೆರಳಿ ನಾಯಿಯ ಎಲುಬುಗಳನ್ನು ಅಗೆಸಿ ಸುಡಿಸಿದ, ಅಲ್ಲಿನ ತೋಪನ್ನು ಕಡಿಸಿದ. ಅಷ್ಟೆಲ್ಲ ಮಾಡಿ, ಮೂಢನಂಬಿಕೆಗೆ ಒಳ್ಳೆಯ ದೃಷ್ಟಾಂತವಾಗುತ್ತದೆಂದು ಇಡೀ ಕಥೆಯನ್ನು ತನ್ನ ಕೋಶದಲ್ಲಿ ಬರೆದುಕೊಂಡ. ಎಲುಬು ಬೂದಿಯಾಯಿತು, ದೃಷ್ಟಾಂತ ಉಳಿಯಿತು, ಹರಕೆಯೂ ಹತ್ತೊಂಬತ್ತನೆಯ ಶತಮಾನದವರೆಗೆ ನಿಲ್ಲಲಿಲ್ಲ. ಬಾವಿಯೊಳಗೆ ಬಳ್ಳಿ ಹಿಡಿದು ತೂಗಾಡುತ್ತ, ಕೆಳಗೆ ಸರ್ಪ, ಮೇಲೆ ಬುಡ ಕಡಿಯುವ ಇಲಿಗಳಿದ್ದರೂ ಜೇನಹನಿಗೆ ನಾಲಿಗೆ ಚಾಚುವ ಮನುಷ್ಯನ ಕಥೆಯದೂ ಇದೇ ಚರಿತ್ರೆ: ಮಹಾಭಾರತದ ಸ್ತ್ರೀಪರ್ವದಲ್ಲಿ ವಿದುರ ಧೃತರಾಷ್ಟ್ರನಿಗೆ ಹೇಳಿದ್ದು, ಅಲ್ಲಿದ್ದ ಆನೆಯ ಜಾಗದಲ್ಲಿ ಒಂಟಿಕೊಂಬಿನ ಮೃಗವನ್ನು ನಿಲ್ಲಿಸಿಕೊಂಡು ಬರ್ಲಾಮ್ ಮತ್ತು ಜೋಸಫಾತ್ ಎಂಬ ಸಂತರ ಕಥೆಯೊಳಗೆ ಸೇರಿ ಯೂರೋಪಿನ ಪೀಠಗಳನ್ನೇರಿತು. ಆ ಜೋಸಫಾತನಾದರೋ ಬೋಧಿಸತ್ವನೇ. ರೋಮಿನ ಸಂತರ ಪಟ್ಟಿಯಲ್ಲಿ ನವೆಂಬರ್ 27 ಅವನ ದಿನವಾಗಿತ್ತು.

ದೃಷ್ಟಾಂತದ ಅತಿರೇಕವನ್ನು ಗೇಲಿ ಮಾಡಿದವರೂ ಉಂಟು. ಎರಾಸ್ಮಸ್ 1511ರಲ್ಲಿ ಪ್ರಕಟಿಸಿದ ತನ್ನ ಮೌಢ್ಯಪ್ರಶಂಸೆಯಲ್ಲಿ, ಪ್ರೀತಿಯ ಮೇಲೆ ಮಾತಾಡಲು ನೈಲ್ ನದಿಯಿಂದ ಹೊರಡುವ, ಉಪವಾಸದ ಮೇಲೆ ಮಾತಾಡಲು ಹನ್ನೆರಡು ರಾಶಿಗಳಿಂದ ತೊಡಗುವ ಬೋಧಕರನ್ನು ಸಾಲಾಗಿ ನಿಲ್ಲಿಸಿದ್ದಾನೆ. ಲಂಡನ್ನಿನ ಪ್ರಖ್ಯಾತ ಬೋಧಕ ಚಾರ್ಲ್ಸ್ ಸ್ಪರ್ಜನ್ (1834–1892) ಮಾತ್ರ ಬರವನ್ನೇ ಒಪ್ಪಲಿಲ್ಲ. ದೃಷ್ಟಾಂತಗಳು ಸಿಗುವುದಿಲ್ಲವೆಂದು ವಿದ್ಯಾರ್ಥಿಯೊಬ್ಬ ಗೊಣಗಿದಾಗ, ಒಂದು ಮೇಣದಬತ್ತಿಯಲ್ಲೇ ಬೇಕಾದಷ್ಟಿವೆಯೆಂದು ಹೇಳಿ, ಬಗೆಬಗೆಯ ಬತ್ತಿಗಳನ್ನು ಮುಂದಿಟ್ಟುಕೊಂಡು ಉಪನ್ಯಾಸ ಮಾಡಿ, ಅದನ್ನು 1890ರಲ್ಲಿ ಪುಸ್ತಕವಾಗಿಯೂ ಹೊರತಂದ. ಅದೇ ಸ್ಪರ್ಜನ್, ದೃಷ್ಟಾಂತಗಳು ಮನೆಯ ಕಿಟಕಿಗಳೆಂಬ ಹಳೆಯ ಮಾತನ್ನು ಮೆಚ್ಚಿ, ಮನೆ ಪೂರ್ತಿ ಗಾಜೇ ಆಗಬಾರದೆಂದೂ ಎಚ್ಚರಿಸಿದ್ದ. ಎಚ್ಚರಿಕೆಯ ಭಾಗವನ್ನು ಬೋಧಕರು ಅಷ್ಟಾಗಿ ಉದ್ಧರಿಸುವುದಿಲ್ಲ. ಉಪ್ಪಿನಕಾಯಿಯನ್ನು ನೆಕ್ಕಿ ಅನ್ನ ಬಿಟ್ಟೇಳುವ ಮಕ್ಕಳಂತೆ ಸಭಿಕರು ಕಥೆಯನ್ನು ಕೊಂಡೊಯ್ದು ವಾಕ್ಯವನ್ನು ಬೆಂಚಿನ ಮೇಲೆಯೇ ಬಿಟ್ಟುಹೋಗುವುದು ಎಲ್ಲ ಕಾಲಕ್ಕೂ ನಡೆದುಬಂದಿದೆ.

ಕನ್ನಡದ ಬೋಧಕರಿಗೆ ಮನೆಯಂಗಳದಲ್ಲೇ ಸಂಪತ್ತಿಲ್ಲದೆ ಇಲ್ಲ. ಉತ್ತಂಗಿ ಚೆನ್ನಪ್ಪನವರು (1881–1962) ಸಭಾಪಾಲಕರಾಗಿದ್ದುಕೊಂಡೇ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು, 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು. ಅವರು ದೃಷ್ಟಾಂತಕ್ಕೆಂದೇ ಸರ್ವಜ್ಞನ ಬೆನ್ನುಹತ್ತಿದರೆಂದು ಹೇಳಲಾಗದು. ಆದರೆ ಒಂದು ಭಾನುವಾರಕ್ಕೊಂದು ಕಥೆ ಸಿಕ್ಕರೆ ಸಾಕೆನ್ನುವ ವೃತ್ತಿಯಲ್ಲಿದ್ದು ಒಬ್ಬ ಇಡೀ ಕವಿಯನ್ನೇ ಹೊತ್ತುತಂದವರು ಇನ್ನೊಬ್ಬರು ಸಿಗುವುದು ಕಷ್ಟ. ಅವರ ಹಿಂದೆ ಬಂದವರು ಬಹುಮಟ್ಟಿಗೆ ವಾಟ್ಸಾಪನ್ನು ನಂಬಿದ್ದಾರೆ. ಅಲ್ಲಿ ಬಾಡದೆ ಉಳಿದಿರುವ ಎರಡು ದೃಷ್ಟಾಂತಗಳನ್ನು ಹೆಸರಿಸಲೇಬೇಕು. ಐಶ್ವರ್ಯವಂತನು ದೇವರ ರಾಜ್ಯದಲ್ಲಿ ಸೇರುವುದಕ್ಕಿಂತ ಒಂಟೆಯು ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭವೆಂಬ ಪಾಠ ಬಂದಾಗ, ಯೆರೂಸಲೇಮಿನ ಗೋಡೆಯಲ್ಲಿ ‘ಸೂಜಿಕಣ್ಣು’ ಎಂಬ ಪುಟ್ಟ ಬಾಗಿಲಿತ್ತೆಂದೂ ಒಂಟೆ ಹೊರೆಯಿಳಿಸಿ ಮೊಣಕಾಲೂರಿದರೆ ಒಳಗೆ ಹೋಗಬಹುದಾಗಿತ್ತೆಂದೂ ವಿವರಿಸಲಾಗುತ್ತದೆ. ಅಂಥ ಬಾಗಿಲಿಗೆ ಪುರಾತನ ಆಧಾರವೊಂದೂ ಇಲ್ಲ. ಆದರೆ ಚರ್ಚಿಗೆ ಫ್ಯಾನು ಕೊಡಿಸಿ ಅದರ ಮೂರು ರೆಕ್ಕೆಗಳ ಮೇಲೂ ಹೆಸರು ಬರೆಸಿದ ಮಹನೀಯರು ಮುಂದಿನ ಬೆಂಚಿನಲ್ಲಿರುವಾಗ, ಆಧಾರಕ್ಕಿಂತ ಬಾಗಿಲು ಮುಖ್ಯ. ಇನ್ನೊಂದು ಹದ್ದಿನದು: ನಲವತ್ತನೆಯ ವಯಸ್ಸಿನಲ್ಲಿ ಹದ್ದು ಬೆಟ್ಟಕ್ಕೆ ಹೋಗಿ, ಬಂಡೆಗೆ ಕುಟ್ಟಿ ತನ್ನ ಕೊಕ್ಕನ್ನೇ ಮುರಿದುಕೊಂಡು, ಉಗುರು ರೆಕ್ಕೆಗಳನ್ನೂ ಕಿತ್ತುಕೊಂಡು, ನೂರೈವತ್ತು ದಿನ ಕಾದು, ಹೊಸ ಯೌವನದೊಡನೆ ಎಪ್ಪತ್ತರವರೆಗೆ ಬಾಳುತ್ತದಂತೆ. ಕೊಕ್ಕಿಲ್ಲದ ಹದ್ದು ಹಸಿವಿನಿಂದ ಸಾಯುತ್ತದೆಂಬುದು ಪಕ್ಷಿಶಾಸ್ತ್ರದ ಮಾತಾದರೂ, ಯೆಶಾಯನ ಹದ್ದಿನ ರೆಕ್ಕೆಗಳ ಪಾಠ ಬಂದ ಭಾನುವಾರ ಆ ಶಾಸ್ತ್ರ ಚರ್ಚಿನ ಹೊರಗೆ ಚಪ್ಪಲಿಯ ಜೊತೆ ಕಾಯುತ್ತದೆ.

ಬೋಧಕರ ಮನೆಯವರ ಪಾಡು ಬೇರೆಯೇ. ಶನಿವಾರ ಸಂಜೆ ಅಡುಗೆಮನೆಯಿಂದ ಅಮ್ಮನವರು “ಸಿಲಿಂಡರ್ ಮುಗೀತು, ಇನ್ನೊಂದು ಬುಕ್ ಮಾಡಿ ಅಂತ ಹೋದ ವಾರವೇ ಹೇಳಿದ್ದೆ” ಎಂದು ಕೂಗಿದರೆ, ಅಯ್ಯನವರು ಬೆಚ್ಚಿಬಿದ್ದು ಕೈಗೆತ್ತಿಕೊಳ್ಳುವುದು ಫೋನನ್ನಲ್ಲ, ಪೆನ್ನನ್ನು. ದೀಪಕ್ಕೆ ಎಣ್ಣೆ ತಾರದ ಐದು ಮಂದಿ ಬುದ್ಧಿಯಿಲ್ಲದ ಕನ್ಯೆಯರ ಸಾಮ್ಯಕ್ಕೆ ವಾರವಿಡೀ ಹುಡುಕಿದ್ದು ಈಗ ಸಿಕ್ಕಿತು. ಮರುದಿನ ಆ ಸಿಲಿಂಡರು ಪೀಠದಿಂದ ಉರುಳಿಬರುವಾಗ ಬುಕ್ ಮಾಡಲು ಮರೆತವರು ‘ಒಬ್ಬ ಗೃಹಿಣಿ’ ಆಗಿರುತ್ತಾರೆ, ಮತ್ತು ಆ ಮಧ್ಯಾಹ್ನದ ಊಟದ ಮೌನಕ್ಕೆ ಯಾವ ವ್ಯಾಖ್ಯಾನಗ್ರಂಥವೂ ಒದಗುವುದಿಲ್ಲ. ಮಕ್ಕಳು ಇನ್ನೂ ಜಾಣರು. ಅಂಕಪಟ್ಟಿಯನ್ನು ಸೋಮವಾರವೇ ತೋರಿಸುತ್ತಾರೆ, ವಾರದ ಕೊನೆಗೆ ಹತ್ತಿರ ಬಂದ ಯಾವ ತಪ್ಪನ್ನೂ ಒಪ್ಪಿಕೊಳ್ಳುವುದಿಲ್ಲ.

ಇಷ್ಟೆಲ್ಲ ಕಷ್ಟದಿಂದ ಕೂಡಿಸಿದ ಸರಕು ಒಂದೇ ಸಭೆಯಲ್ಲಿ ಎರಡನೆಯ ಸಲ ನಡೆಯುವುದಿಲ್ಲ. ಪುಣ್ಯಕ್ಕೆ ಸಿಎಸ್‌ಐಯಲ್ಲಿ ಕೆಲವು ವರ್ಷಗಳಿಗೊಮ್ಮೆ ಸಭಾಪಾಲಕರ ವರ್ಗಾವಣೆಯಾಗುತ್ತದೆ. ಸಾಮಾನಿನ ಲಾರಿಯೊಡನೆ ಹಳೆಯ ದೃಷ್ಟಾಂತಗಳೂ ಊರು ಬದಲಿಸಿ, ಹೊಸ ಸಭೆಯಲ್ಲಿ ಹೊಚ್ಚಹೊಸದಾಗಿ ಎದ್ದು ಬರುತ್ತವೆ. ಈ ವ್ಯವಸ್ಥೆಗಿರುವ ಶತ್ರುಗಳು ಇಬ್ಬರೇ: ಮದುವೆ ಸಂಬಂಧಗಳು ಮತ್ತು ಮೊಬೈಲ್ ಫೋನು. ತಪಸ್ಸುಕಾಲದ, ಎಂದರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ವ್ರತದ, ಮೊದಲ ಭಾನುವಾರ ಹೊಸ ಅಯ್ಯನವರು ಹದ್ದಿನ ಕಥೆಯನ್ನು ಸಂದರ್ಭಕ್ಕೆ ತಕ್ಕಂತೆ ತಿದ್ದಿ ಹೇಳಿ ಬಾಗಿಲಿಗೆ ಬಂದು ನಿಂತರೆ, ಮೂರನೆಯ ಬೆಂಚಿನ ಅಜ್ಜಿ ಕೈಕುಲುಕಿ ಹೇಳುತ್ತಾರೆ: “ಬಾಳ ಚೊಲೋ ಹೇಳಿದ್ರಿ ಅಯ್ಯನವರ. ನಿಮ್ಮ ಹಿಂದಿನ ಊರಾಗ ನಮ್ಮ ನಾದಿನಿ ಅದಾಳ್ರಿ. ಅಲ್ಲಿ ಹದ್ದು ನೂರೈವತ್ತು ದಿನ ಕುಂತಿತ್ತಂತ, ನಮ್ಮ ಊರಿನ ಹದ್ದು ನಲವತ್ತಕ್ಕ ಎದ್ದು ಬಂತಲ್ರಿ. ಇಲ್ಲಿಯ ನೀರು ಚೊಲೋ ಐತ್ರಿ.”