ಹ್ಯಾಂಡ್‌ಪೋಸ್ಟಿನ ನಾಲ್ಕು ಕೈ, ನಡುವೆ ಒಬ್ಬಳು ಎಂ.ಕಾಂ

ನಮ್ಮ ಹ್ಯಾಂಡ್‌ಪೋಸ್ಟಿನಲ್ಲಿ ಹ್ಯಾಂಡೂ ಇಲ್ಲ, ಪೋಸ್ಟೂ ಇಲ್ಲ. ಯಾವುದೋ ಕಾಲದಲ್ಲಿ ಕೈ ಚಾಚಿದ ಕಂಬವೊಂದು ಇಲ್ಲಿ ನಿಂತು ದಾರಿ ತೋರಿಸುತ್ತಿದ್ದಿರಬೇಕು. ಚಿಕ್ಕಮಗಳೂರಿನವರು ಅಂಥದ್ದಕ್ಕೆ ಚೆಂದವಾಗಿ ಕೈಮರ ಅಂದರು. ನಾವು ಇಂಗ್ಲಿಷನ್ನೇ ಊರು ಮಾಡಿಕೊಂಡೆವು. ಕಂಬವನ್ನು ನಾನಂತೂ ಕಂಡಿಲ್ಲ. ಅದರ ಕೆಲಸವನ್ನು ಈಗ ಟೀ ಅಂಗಡಿಯ ಬೆಂಚು ವಹಿಸಿಕೊಂಡಿದೆ. ಮೈಸೂರಿಗೊಂದು, ಎಚ್.ಡಿ. ಕೋಟೆ ಪೇಟೆಗೊಂದು, ಸರಗೂರಿಗೊಂದು, ಅಂತರಸಂತೆ ದಾಟಿ ಕೇರಳ ಗಡಿಯ ಬಾವಲಿಗೊಂದು, ಹೀಗೆ ಕೈ ತೋರಿಸುವವರಿಗೇನೂ ಬರವಿಲ್ಲ. ಎಲ್ಲರೂ ಕೈ ತೋರಿಸುತ್ತಾರೆ, ಯಾರೂ ಆ ದಾರಿಯಲ್ಲಿ ಹೋಗಿ ಬಂದವರಲ್ಲ.

ಮೊನ್ನೆ ಈ ಬೆಂಚಿನ ಮುಂದೆ ಸ್ಕೂಟಿ ನಿಲ್ಲಿಸಿ ದಾರಿ ಕೇಳಿದವಳು ನಮ್ಮ ಬೀದಿಯ ‘ಸಂಘದ ಮೇಡಂ’. ಮೈಕ್ರೋಫೈನಾನ್ಸ್ ಕಂಪನಿಗೆ ವಾರದ ಕಂತು ವಸೂಲಿ ಮಾಡುವ ಕೆಲಸ. ವಯಸ್ಸು 33, ಮಾನಸಗಂಗೋತ್ರಿಯ ಎಂ.ಕಾಂ. 2025ರ ಫೆಬ್ರವರಿಯಲ್ಲಿ ಸರ್ಕಾರ ಕಿರುಸಾಲದ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದ ಮೇಲೆ ಈಕೆಗೆ ಜೋರಾಗಿ ಬಾಗಿಲು ಬಡಿಯುವಂತಿಲ್ಲ. ಬಡಿಯದೆ ಕಂತು ಬರುವುದಿಲ್ಲ. ಹೀಗಾಗಿ ಪಾಪ, ಬಾಗಿಲಲ್ಲೇ ಕೂತು ಕಷ್ಟಸುಖ ಕೇಳುವ ಅಭ್ಯಾಸ ಮಾಡಿಕೊಂಡಳು. ಕೇಳುತ್ತಾ ಕೇಳುತ್ತಾ ಒಂದು ವಿಷಯ ಗೊತ್ತಾಯಿತಂತೆ: ಕಂತು ನಿಂತ ಮನೆಗಳಲ್ಲಿ ಮುಕ್ಕಾಲುಪಾಲು ಕಡೆ ಯಾರೋ ಒಬ್ಬರು ಮಲಗಿದ್ದಾರೆ. ಸಕ್ಕರೆ ಕಾಯಿಲೆಯ ಗಾಯ, ಲಕ್ವ, ಬಾಣಂತಿ ಸನ್ನಿ, ಮೈಸೂರಿನ ದೊಡ್ಡಾಸ್ಪತ್ರೆಯಿಂದ ‘ಮನೇಲೇ ನೋಡ್ಕಳಿ’ ಅಂತ ಕಳಿಸಿದ ಅಜ್ಜ. ಯಾರ ಮನೆಯಲ್ಲಿ ಯಾವ ಮಾತ್ರೆ ಮುಗಿದು ಎಷ್ಟು ದಿನವಾಯಿತು ಅನ್ನುವುದು ಆರೋಗ್ಯ ಇಲಾಖೆಗಿಂತ ಚೆನ್ನಾಗಿ ಈಕೆಯ ಲೆಡ್ಜರಿಗೆ ಗೊತ್ತು.

“ಅಣ್ಣ, ನಾನು ನರ್ಸಿಂಗ್ ಓದಬೇಕು ಅಂತಿದೀನಿ” ಅಂದಳು.

ಬೆಂಚಿನ ಮೇಲೆ ಬನ್ನು ಅದ್ದುತ್ತಿದ್ದ ಕೈಗಳೆಲ್ಲ ಟೀ ಒಳಗೇ ನಿಂತವು.

ಮೊದಲು ಚೇತರಿಸಿಕೊಂಡವರು ನಿವೃತ್ತ ಮೇಷ್ಟ್ರು. “ಅಲ್ಲ ಕಣವ್ವ, ಎಂ.ಕಾಂ ಮಾಡ್ಕಂಡು ಇನ್ನೊಬ್ರ ಬೆಡ್‌ಪ್ಯಾನ್ ಎತ್ತೀಯಾ?” ಕಳೆದ ವರ್ಷ ಮೇಷ್ಟ್ರ ಮಂಡಿ ಆಪರೇಷನ್ ಆದಾಗ ಹದಿನೆಂಟು ದಿನ ಅವರ ಬೆಡ್‌ಪ್ಯಾನ್ ಎತ್ತಿದವಳ ಹೆಸರು ಮೇಷ್ಟ್ರಿಗೆ ನೆನಪಿಲ್ಲ, ಆಪರೇಷನ್ ಮಾಡಿದ ಡಾಕ್ಟರ ಮಾವನ ಊರು ಸಹ ನೆನಪಿದೆ. ಅವರ ಪಕ್ಕದಲ್ಲಿದ್ದ ಹುಣಸೂರು ಕಡೆಯ ಹೊಗೆಸೊಪ್ಪಿನ ಗೌಡರು ಮಾತ್ರ ತಲೆದೂಗಿದರು. ಅವರ ಮನೆಯಲ್ಲಿ ಸೊಪ್ಪು ಹದ ಮಾಡುವ ಎರಡು ಬ್ಯಾರನ್ನು, ಒಬ್ಬಳು ನರ್ಸ್ ಮಗಳು. ಕಾಯಿಲೆಯನ್ನೂ ಶುಶ್ರೂಷೆಯನ್ನೂ ಒಂದೇ ಸೂರಿನಡಿ ಒದಗಿಸುವ ಇಂಥ ಸಂಸಾರಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. “ಓದ್ಲಿ ಬುಡಿ ಸಾ, ಜರ್ಮನಿಗೆ ಕಳಿಸ್ಬೋದು” ಅಂದರು. ಹುಡುಗಿ ಕೇಳಿದ್ದು ಆಸ್ಪತ್ರೆಯ ದಾರಿ, ಗೌಡರು ತೋರಿಸಿದ್ದು ವಿಮಾನ ನಿಲ್ದಾಣದ ದಾರಿ. ಇರಲಿ, ಅದಕ್ಕೆ ಆಮೇಲೆ ಬರೋಣ.

ಅಕ್ಷರಸ್ಥನೆಂಬ ಆರೋಪ ನನ್ನ ಮೇಲಿರುವುದರಿಂದ ನಿಯಮ ಹುಡುಕುವ ಕೆಲಸ ನನಗೆ ಬಿತ್ತು. ಹುಡುಕಿದೆ. ಬಿ.ಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಅದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಆಗಿರಬೇಕು. ನಮ್ಮ ಹುಡುಗಿ ಓದಿದ್ದು ಹೆಬಾ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ, ಲೆಕ್ಕಶಾಸ್ತ್ರ. ಹದಿನಾರನೇ ವಯಸ್ಸಿನಲ್ಲಿ ಕಾಲೇಜಿನ ಕೌಂಟರಿನಲ್ಲಿ ಯಾವ ಸಾಲು ಚಿಕ್ಕದಿತ್ತೋ ಅದರಲ್ಲಿ ನಿಂತಿದ್ದಳು, ಬಸ್ಸಿಗೆ ಹೊತ್ತಾಗುತ್ತಿತ್ತು. ಆ ಬಸ್ಸು ಹದಿನೇಳು ವರ್ಷದ ಹಿಂದೆಯೇ ಹೋಯಿತು, ಸಾಲು ಮಾತ್ರ ಇನ್ನೂ ಅವಳನ್ನು ಬಿಟ್ಟಿಲ್ಲ. ಉಳಿದದ್ದು ಜಿ.ಎನ್.ಎಂ., ಮೂರು ವರ್ಷದ ಡಿಪ್ಲೊಮಾ. ಇದಕ್ಕೆ ವಿಜ್ಞಾನವೇ ಆಗಬೇಕೆಂದಿಲ್ಲ, ಪಿಯುಸಿಯಲ್ಲಿ ಶೇಕಡಾ 40 ಅಂಕ ಸಾಕು, ಆದರೆ ವಯಸ್ಸು 35 ದಾಟಿರಬಾರದು. ಅದಾದ ಮೇಲೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ ಎರಡು ವರ್ಷ, ಒಂದು ವರ್ಷ ಕೆಲಸದ ಅನುಭವ, ಆಮೇಲೆ ಎಂ.ಎಸ್ಸಿ ಎರಡು ವರ್ಷ. ಎಂ.ಕಾಂ ಆದವಳು ಇನ್ನೊಂದು ಸ್ನಾತಕೋತ್ತರ ಪದವಿ ಮುಟ್ಟುವಷ್ಟರಲ್ಲಿ 41. ಅಷ್ಟರೊಳಗೆ ಲಕ್ವ ಹೊಡೆದ ಅಜ್ಜ ಪಿತೃಪಕ್ಷದ ಪಟ್ಟಿಗೆ ಸೇರಿರುತ್ತಾನೆ.

ಹಾಗಾದರೆ ಐದು ವರ್ಷ ಕಾಲೇಜಿನಲ್ಲಿ ಸವೆಸಿದ ಬಿ.ಕಾಂ, ಎಂ.ಕಾಂಗೆ ಬೆಲೆ ಎಷ್ಟು? ಸೊನ್ನೆ. ನಿಯಮದ ಕಣ್ಣಿಗೆ ಅವಳು ಮೊನ್ನೆ ಮೊನ್ನೆ ಪಿಯುಸಿ ಪಾಸಾದ, ಸ್ವಲ್ಪ ಬಾಡಿದ ಹುಡುಗಿ.

ಇಲ್ಲಿ ನನಗೊಂದು ಅನುಮಾನ ಹುಟ್ಟಿತು. ನಮ್ಮ ದೇಶ ಬೇರೆಲ್ಲ ಕಡೆ ಇಷ್ಟು ಕಟ್ಟುನಿಟ್ಟಲ್ಲವಲ್ಲ? ಬಿ.ಕಾಂ ಆದವನು ಮೂರು ವರ್ಷ ಓದಿ ವಕೀಲನಾಗಬಹುದು, ಹೆಬಾನೋ ಇನ್ನೊಂದೋ ಯಾರೂ ಕೇಳುವುದಿಲ್ಲ. ಪದವಿಯ ಮೇಲೆ ಎರಡು ವರ್ಷದ ಬಿ.ಇಡಿ ಮಾಡಿ ಮೇಷ್ಟ್ರಾಗಬಹುದು. ಯಾವ ಪದವಿ ಇದ್ದರೂ ಎಂ.ಬಿ.ಎ. ಮಾಡಿ ಸೋಪು ಮಾರಬಹುದು, ಐ.ಎ.ಎಸ್. ಬರೆದು ಜಿಲ್ಲೆಯನ್ನೇ ಆಳಬಹುದು. ಡಿಪ್ಲೊಮಾದವನು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೇ ಹಾರಿ ಕೂರುತ್ತಾನೆ. ಶಾಸಕನಾಗಲು 25 ತುಂಬಿದರೆ ಸಾಕು, ಓದೂ ಬೇಡ, ಮೇಲಿನ ಮಿತಿಯೂ ಇಲ್ಲ. ಎಂಬತ್ತರ ಅಜ್ಜ ಆರೋಗ್ಯ ಮಂತ್ರಿಯಾಗಿ ಇಡೀ ರಾಜ್ಯದ ನರ್ಸ್‌ಗಳಿಗೆ ಬುದ್ಧಿ ಹೇಳಬಹುದು. ಎಲ್ಲದಕ್ಕೂ ಪಕ್ಕದ ಬಾಗಿಲು, ಹಿಂದಿನ ಬಾಗಿಲು, ಗವಾಕ್ಷಿ ಇಟ್ಟ ಈ ಮನೆಯಲ್ಲಿ, ರೋಗಿಯ ಮೈ ಒರೆಸುವ ಕೋಣೆಗೆ ಮಾತ್ರ ಒಂದೇ ಬಾಗಿಲು, ಅದಕ್ಕೂ ಪಿಯುಸಿ ಅಂಕಪಟ್ಟಿಯ ಬೀಗ.

ಈ ಮಾತು ಅಮೆರಿಕದಲ್ಲಿರುವ ನನ್ನ ಅಕ್ಕನ ಮಗನ ಕಿವಿಗೆ ಬಿತ್ತು. ವಾಟ್ಸಾಪಿನಲ್ಲಿ ನಕ್ಕ. “ಮಾವ, ಇಲ್ಲಿ ಅದಕ್ಕೇ ಡೈರೆಕ್ಟ್ ಎಂಟ್ರಿ ಇದೆ” ಅಂದ. ಯೇಲ್ ವಿಶ್ವವಿದ್ಯಾಲಯ 1974ರಲ್ಲೇ ಶುರು ಮಾಡಿತಂತೆ. ಸಂಗೀತ ಓದಿದವರು, ಬ್ಯಾಂಕಿನಲ್ಲಿದ್ದವರು, ಇತಿಹಾಸದ ಪದವೀಧರರು ಬರುತ್ತಾರೆ. ಮೊದಲು ನರ್ಸಿಂಗಿನ ಅಡಿಪಾಯವನ್ನು ಉಸಿರು ಕಟ್ಟುವ ವೇಗದಲ್ಲಿ ಕಲಿಸಿ ನೋಂದಣಿ ಪರೀಕ್ಷೆಗೆ ಕೂರಿಸುತ್ತಾರೆ, ಆಮೇಲೆ ಒಂದು ವಿಶೇಷ ಶಾಖೆ; ಒಟ್ಟು ಮೂರು ವರ್ಷಕ್ಕೆ ನೇರ ಸ್ನಾತಕೋತ್ತರ ಪದವಿ. ಇಂಥವು ಈಗ ಆ ದೇಶದ ತುಂಬ ಇವೆ. ಬಹಳ ಕಡೆ ಅಂಗರಚನೆ, ಶರೀರಕ್ರಿಯೆಗಳನ್ನು ಮೊದಲೇ ಓದಿಕೊಂಡು ಬರಬೇಕು ಅನ್ನೋದು ಬೇರೆ ಮಾತು. ಅಲ್ಲಿನ ಹಳೇ ನರ್ಸ್‌ಗಳು ‘ವಾರ್ಡಿನಲ್ಲಿ ಒಂದು ರಾತ್ರಿ ಕಳೆಯದವರೆಲ್ಲ ಮಾಸ್ಟರ್ಸ್ ಹಿಡ್ಕೊಂಡು ಬಂದರು’ ಅಂತ ಗೊಣಗುವುದೂ ಉಂಟು. ಆ ಗೊಣಗಾಟದಲ್ಲಿ ನ್ಯಾಯವಿದೆ. ಸೂಜಿ ಚುಚ್ಚಿಸಿಕೊಳ್ಳುವವನು ನಾನಾದರೆ, ಚುಚ್ಚುವವರು ನಾಲ್ಕು ವರ್ಷ ಓದಿರಲಿ ಅಂತಲೇ ನಾನೂ ಬಯಸುತ್ತೇನೆ. ಆದರೆ ಬಾಡಿಗೆ, ಬ್ಯಾಂಕು, ಬದುಕು ಕಂಡ ಮೂವತ್ತಮೂರರ ಹೆಂಗಸನ್ನೂ ಹದಿನೇಳರ ಮಗುವನ್ನೂ ಒಂದೇ ಸೇರಿನಲ್ಲಿ ಅಳೆಯುವುದು ಅಳತೆಯಲ್ಲ, ಸೋಮಾರಿತನ.

ಹುಡುಗ ಕೊನೆಯಲ್ಲಿ ಫೀಸು ಹೇಳಿದ. ನಾನು ಫೋನಿಟ್ಟು ನೀರು ಕುಡಿದೆ.

ಡೈರೆಕ್ಟ್ ಎಂಟ್ರಿ ಅನ್ನುವ ಪದ ನನ್ನ ಬಾಯಿಂದ ಬೆಂಚಿಗೆ, ಬೆಂಚಿನಿಂದ ಊರಿಗೆ ಹರಡಿ, ಮೂರೇ ದಿನದಲ್ಲಿ ಇಸ್ತ್ರಿ ಮಾಡಿದ ಅಂಗಿಯೊಬ್ಬರು ಬೈಕಿನಲ್ಲಿ ಬಂದಿಳಿದರು. ಸೀಟು ಕೊಡಿಸುವವರು. ಸೀಸನ್ನಿನಲ್ಲಿ ಸೀಟು, ಸೀಸನ್ ಮುಗಿದ ಮೇಲೆ ಸೈಟು.

“ಮೇಡಂ, ಅಮೆರಿಕಾ ಯಾಕೆ? ನಮ್ಮಲ್ಲೂ ಡೈರೆಕ್ಟೇ. ಕೆಲಸ ಬಿಡೋದೇ ಬೇಡ. ನಾನ್ ಅಟೆಂಡಿಂಗ್ ಮಾಡ್ಸೋಣ. ಪರೀಕ್ಷೆ ದಿನ ಬಂದ್ರೆ ಸಾಕು.”

“ಕ್ಲಾಸು?”

“ಹಾಜರಿ ನಾವು ನೋಡ್ಕೋತೀವಿ.”

“ಮತ್ತೆ ವಾರ್ಡು, ಪೇಷಂಟುಗಳು?”

“ಅವ್ರೂ ನಾನ್ ಅಟೆಂಡಿಂಗೇ ಮೇಡಂ.”

ಸುಳ್ಳು ಹೇಳಲಿಲ್ಲ ಪುಣ್ಯಾತ್ಮ. ಹೊಸ ನರ್ಸಿಂಗ್ ಕಾಲೇಜಿಗೆ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು ಅನ್ನುತ್ತದೆ ನಿಯಮ. ಕಾಗದದಲ್ಲಿ ಹಾಸಿಗೆ ಹಾಸುವುದು ನಮಗೆ ಕಷ್ಟವೇ? ಇನ್‌ಸ್ಪೆಕ್ಷನ್ನಿನ ದಿನ ದಿಂಬು, ಡ್ರಿಪ್ ಸ್ಟ್ಯಾಂಡು, ನರಳುವ ಅಜ್ಜಿ ಎಲ್ಲ ಶಾಮಿಯಾನದವನ ಹತ್ತಿರ ಸಿಗುವ ಹಾಗೆ ಸಿಗುತ್ತವೆ. ಹೀಗೆ ಬೀಗ ಹಾಕಿದ ಆ ಒಂದೇ ಬಾಗಿಲ ಪಕ್ಕದ ಗೋಡೆಯನ್ನೇ ಒಡೆದು ನಾವು ನಮ್ಮ ಡೈರೆಕ್ಟ್ ಎಂಟ್ರಿ ಮಾಡಿಕೊಂಡಿದ್ದೇವೆ. ಯೇಲಿನವರು ಹಳೆಯ ಓದನ್ನು ಲೆಕ್ಕಕ್ಕೆ ಹಿಡಿದು ಒಳಗೆ ಬಿಡುತ್ತಾರೆ; ನಮ್ಮವರು ಹೊಸ ಓದನ್ನೂ ಬಿಟ್ಟುಬಿಡುತ್ತಾರೆ.

ಹುಡುಗಿ ತಬ್ಬಿಬ್ಬಾದಳು. “ಸಾರ್, ನಾಳೆ ನಿಮ್ಮ ತಾಯೀನ ಐಸಿಯುಗೆ ಹಾಕಿದ್ರೆ, ಅಲ್ಲಿರೋ ಸಿಸ್ಟರ್ ನಿಮ್ಮ ಕಾಲೇಜಿನೋರಾದ್ರೆ?” ಅಂದಳು. ಇಸ್ತ್ರಿ ಅಂಗಿಗೆ ಮೊದಲ ಬಾರಿ ಸುಕ್ಕು ಬಿತ್ತು. “ನಮ್ಮ ತಾಯೀನ ಯಾಕೆ ಎಳೀತೀರಾ ಮೇಡಂ” ಅಂತ ಬೈಕು ಒದ್ದು ಹೊರಟರು.

ಈಗ ಗೌಡರ ಜರ್ಮನಿಗೆ ಬರೋಣ. ನಮ್ಮ ಸೀಮೆಯ ಹೊಲಗಳನ್ನು ವಯನಾಡಿನವರು ಗುತ್ತಿಗೆ ಹಿಡಿದು ಶುಂಠಿ ಬೆಳೆಯುತ್ತಾರಲ್ಲ, ನರ್ಸಿಂಗಿನದೂ ಅದೇ ಕಥೆ. ನೆಲ ನಮ್ಮದು, ಶುಂಠಿ ಅವರದು. ಕಾಲೇಜು ನಮ್ಮದು, ನರ್ಸ್ ಅವರ ಕಡೆಯವರು. ಮಲಯಾಳಿ ಹುಡುಗಿಯರು ಬೆಂಗಳೂರು, ಮೈಸೂರಿಗೆ ಬಂದು ಬೆವರು ಹರಿಸಿ ಓದಿ, ಕೊಲ್ಲಿಗೋ ಲಂಡನ್ನಿಗೋ ಹಾರಿದರು, ಊರಲ್ಲಿ ಮನೆ ಕಟ್ಟಿದರು. ನಾವು ಬಾವಲಿ ದಾರಿಯಲ್ಲಿ ಹೋಗುವಾಗ ಆ ಮನೆಗಳನ್ನು ನೋಡಿ ‘ಏನು ಮನೆ ಸಾ’ ಅಂತ ಬಾಯಿ ಬಿಟ್ಟು, ಸಂಜೆ ಆರಕ್ಕೆ ಕಾಡಿನ ಗೇಟು ಹಾಕುವ ಮೊದಲು ವಾಪಸ್ಸು ಬಂದು, ‘ನರ್ಸ್ ಕೆಲಸ ಮಾನಸ್ಥರಿಗಲ್ಲ’ ಅಂತ ಮಗಳಿಗೆ ಹೇಳಿದೆವು. ಈಗ ಇದ್ದಕ್ಕಿದ್ದಂತೆ ಮಾನ ಬಂದಿದೆ, ಯೂರೋ ಲೆಕ್ಕದಲ್ಲಿ. ಮದುವೆ ಬ್ರೋಕರು ಸಹ ವರಸೆ ಬದಲಿಸಿದ್ದಾರೆ. ಕೋಟೆಯ ನರ್ಸಮ್ಮ ಅಂದರೆ “ನೈಟ್ ಡ್ಯೂಟಿ ಇರ್ತದಲ್ಲಾ” ಅಂತ ರಾಗ, ಜರ್ಮನಿಯ ನರ್ಸ್ ಅಂದರೆ “ಜಾತಕ ಇದೆಯಾ?” ಅಲ್ಲಿ ರಾತ್ರಿ ಆಗುವುದೇ ಇಲ್ಲವೇನೋ.

ಊರಲ್ಲೇ ಇರುತ್ತೇನೆ ಅಂದವಳಿಗೆ ಸಿಗುವುದು ಬಿರುದು. ಕೇಂದ್ರ ಸರ್ಕಾರ 2016ರಲ್ಲಿ ತನ್ನ ಸ್ಟಾಫ್ ನರ್ಸ್‌ಗಳನ್ನು ನರ್ಸಿಂಗ್ ಆಫೀಸರ್ ಮಾಡಿತು. ಸುಪ್ರೀಂ ಕೋರ್ಟ್ ಹೇಳಿದ್ದಕ್ಕೆ ಅದೇ ವರ್ಷ ಕೂತ ಸಮಿತಿಯೊಂದು, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯೂ ನರ್ಸಿಗೆ ತಿಂಗಳಿಗೆ 20,000ಕ್ಕೆ ಕಡಿಮೆ ಕೊಡಬಾರದು ಅಂತ ಶಿಫಾರಸು ಮಾಡಿತು. ಶಿಫಾರಸು ಆರೋಗ್ಯವಾಗಿದೆ, ಕಡತದಲ್ಲಿ ವಿಶ್ರಾಂತಿ ಪಡೆಯುತ್ತಿದೆ. 2023ರಲ್ಲಿ ಕೇಂದ್ರ ಸಂಪುಟ 1,570 ಕೋಟಿ ರೂಪಾಯಿಯಲ್ಲಿ 157 ಹೊಸ ನರ್ಸಿಂಗ್ ಕಾಲೇಜುಗಳಿಗೆ ಒಪ್ಪಿಗೆ ಕೊಟ್ಟಿತು. ಕಟ್ಟಡಕ್ಕೆ ಡೈರೆಕ್ಟ್ ಎಂಟ್ರಿ ಯಾವತ್ತೂ ಇದ್ದೇ ಇದೆ.

ಹ್ಯಾಂಡ್‌ಪೋಸ್ಟಿನಿಂದ ಒಳಗಿನ ಆದಿವಾಸಿ ಹಾಡಿಗಳಿಗೆ ಹೋದರೆ ಗೌಡರ ಜರ್ಮನಿ ನೆನಪಾಗುವುದಿಲ್ಲ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು; ಆಮೇಲೆ ಎಲ್ಲರೂ ಊರು ಬಿಡುವ ದಿಕ್ಕಿಗೆ ಬೆನ್ನು ಹಾಕಿ, ಜೇನುಕುರುಬರು, ಕಾಡುಕುರುಬರ ನಡುವೆ ಕೆಲಸಕ್ಕೆ ಬಂದರು. ಕೆಂಚನಹಳ್ಳಿಯಲ್ಲಿ, ಸರಗೂರಿನಲ್ಲಿ ಆಸ್ಪತ್ರೆಗಳು ಎದ್ದವು. ಆ ಕಾಲಕ್ಕೂ ಬೆಂಚು ಅವರಿಗೆ ಬೇರೆ ದಾರಿ ತೋರಿಸಿರುತ್ತದೆ, ಅನುಮಾನವಿಲ್ಲ. ಈಗ ಹಾಡಿಗಳನ್ನು ಕಾಡುವ ಕುಡಗೋಲು ಕಣ ರಕ್ತಹೀನತೆಯ ನಿರ್ಮೂಲನೆಗೆ 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನವೇ ಶುರುವಾಗಿದೆ. ಅಭಿಯಾನ ಅಂದರೆ ಬ್ಯಾನರ್ ಅಲ್ಲವಲ್ಲ. ಹಾಡಿಯ ಗುಡಿಸಲಿಗೆ ಹೋಗಿ, ಕೂತು, ಹೆದರಿದ ತಾಯಿಯನ್ನು ಮಾತಾಡಿಸಿ, ಮಗುವಿನ ಬೆರಳಿಂದ ಒಂದು ತೊಟ್ಟು ರಕ್ತ ತೆಗೆಯುವವಳು ಬೇಕು. ಬಾಗಿಲಲ್ಲಿ ಕೂತು ಮಾತಾಡಿಸುವುದರಲ್ಲಿ ನಮ್ಮ ಸಂಘದ ಮೇಡಂಗೆ ಬೇಕಾದಷ್ಟು ಅನುಭವವಿದೆ. ಅದಕ್ಕೆ ಅಂಕವಿಲ್ಲ.

ಈಗ ಅವಳು ಜಿ.ಎನ್.ಎಂ. ಅರ್ಜಿ ತುಂಬಿದ್ದಾಳೆ. ಹದಿನೈದು ವರ್ಷದ ಹಿಂದಿನ ಹೆಬಾ ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸಿದ್ದಾಳೆ. ಎಂ.ಕಾಂ ಸರ್ಟಿಫಿಕೇಟು ಬೀರುವಿನಲ್ಲಿ ಸೀರೆಯ ಮಡಿಕೆ ಕೆಡದಂತೆ ನೋಡಿಕೊಳ್ಳುತ್ತಿದೆ.

ಕರೆ ಬರುವವರೆಗೆ ಕೆಲಸ ಬಿಡುವಂತಿಲ್ಲ. ಮೊನ್ನೆ ಗುರುವಾರ ನಮ್ಮ ಹಿಂದಿನ ಬೀದಿಯಲ್ಲಿ ಅಜ್ಜಿಯೊಬ್ಬರು ಕಂತು ಕೊಡುವ ಬದಲು ಸೀರೆ ಎತ್ತಿ ಕಾಲು ತೋರಿಸಿದರು. ಹಿಮ್ಮಡಿಯ ಗಾಯ, ಕೀವಾಗಿತ್ತು. ಹುಡುಗಿ ಜಗುಲಿಯ ಮೇಲೆ ಕೂತು ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು, ಕೊಳೆ ಬಟ್ಟೆ ಬಿಚ್ಚಿಸಿದಳು, ಅರಿಸಿನ ಮೆತ್ತಬೇಡಿ ಅಂದಳು, ನಾಳೆಯೇ ಸರಗೂರಿಗೆ ಹೋಗಿ ಅಂತ ಬಸ್ಸಿನ ಹೊತ್ತನ್ನೂ ಹೇಳಿದಳು.

“ನೋಡಿದ್ದಕ್ಕೆ ಏನ್ ಕೊಡ್ಬೇಕವ್ವ?” ಅಂದರು ಅಜ್ಜಿ.

ಹುಡುಗಿ ಕೈ ತೊಳೆದು, ಒರೆಸಿಕೊಂಡು, ಫೋನು ತೆಗೆದಳು.

“ನೋಡಿದ್ದಕ್ಕೇನೂ ಬ್ಯಾಡಜ್ಜಿ. ಈ ವಾರದ್ದು 640, ಹೋದ ವಾರದ್ದು 640.”