ನಾಯಿಗೆ ಮೇಷ್ಟ್ರು ಬೇಕಾಗಿದ್ದಾರೆ

ಮರಿಯಾಗಿದ್ದಾಗ ಮುದ್ದು, ಬೆಳೆದ ಮೇಲೆ ಸೋಫಾಕ್ಕಿಂತ ಉದ್ದ. ಅಂಥ ನಾಯಿಯಿಂದ ಕೈತೊಳೆದುಕೊಳ್ಳಲು ಬೆಂಗಳೂರಿನ ಫ್ಲ್ಯಾಟಿನವರಿಗೆ ಅತ್ತಿಬೆಲೆ ಗಡಿ ಬಲು ಅನುಕೂಲ. ಜೂಜುವಾಡಿ ದಾಟಿಸಿ ಕಾರಿನ ಬಾಗಿಲು ತೆರೆದು ಮುಚ್ಚಿದರಾಯಿತು, ನಾಯಿ ತಮಿಳುನಾಡಿನ ಪಾಲು. ಅದನ್ನು ಮನೆಗೆ ಕರೆತಂದ ಹೊಸೂರಿನ ಪುಣ್ಯಾತ್ಮರಿಗೆ ಅಲ್ಲಿಂದ ಶುರು, ಟ್ರೈನಿಂಗ್ ಕ್ಲಾಸು ಹುಡುಕುವ ಪಾಡು.

ಮರಿ ಮಾಡಿಸಿ ಮಾರುವವರಿಗಾದರೂ 2017ರ ಕೇಂದ್ರ ನಿಯಮಾವಳಿ ಇದೆ. ಕಲಿಸುವ ಮೇಷ್ಟ್ರಿಗೆ ಒಂದು ಸೀಟಿ, ಒಂದು ಟೋಪಿ ಸಾಕು. ಟೋಪಿ ಎರಡಿದ್ದರೆ ಇನ್ನೊಂದು ಗಿರಾಕಿಗೆ.

ನಾಯಿಯನ್ನು ಕ್ಲಾಸಿಗೆ ಸೇರಿಸಲು ಹೋದರೆ ಮೊದಲ ಪ್ರಶ್ನೆ, "ಯಾವ ತಳಿ?" ಡೆಂಕಣಿಕೋಟೆ ಕಡೆಯ ರೈತರೊಬ್ಬರು "ಒಳ್ಳೇ ತಳಿಯದೇ ಸ್ವಾಮಿ, ಬಸ್‌ಸ್ಟ್ಯಾಂಡ್ ಹಿಂದೆ ಸಿಕ್ತು" ಅಂದರಂತೆ.

ಈ ಕುಲಗೋತ್ರದ ಹುಚ್ಚು ಮೇಷ್ಟ್ರೊಬ್ಬರದ್ದೇ ಅಲ್ಲ. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರ ಅಪಾಯಕಾರಿ ತಳಿಗಳ ಪಟ್ಟಿ ಮಾಡಿ, ಇವಕ್ಕೆ ಲೈಸೆನ್ಸ್ ಕೊಡಬೇಡಿ ಎಂದು ರಾಜ್ಯಗಳಿಗೆ ಬರೆಯಿತು. ಅದರಲ್ಲಿ 'ಟೋಸಾ ಇನು' ಒಂದು ಕಡೆ, 'ಜಪಾನೀ ಟೋಸಾ' ಇನ್ನೊಂದು ಕಡೆ. ಎರಡೂ ಒಂದೇ ನಾಯಿ! 'ಟೆರಿಯರ್' ಎಂದು ಸಾರಾಸಗಟಾಗಿ ಸೇರಿಸಿದ್ದರಿಂದ ಹ್ಯಾಂಡ್‌ಬ್ಯಾಗಿನಲ್ಲಿ ಹಿಡಿಸುವ ಯಾರ್ಕ್‌ಶೈರ್ ಟೆರಿಯರ್ ಕೂಡ ಘೋರಮೃಗ. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದೀರಿ ಎಂದು ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಮಾಡಿತು.

ಇನ್ನು ಪಾಠ. "ನೀವೇ ಬಾಸ್ ಅಂತ ತೋರಿಸ್ಬೇಕು ಸಾರ್, ತೋಳದ ಗುಂಪಿನ ಹಾಗೆ" ಎನ್ನುತ್ತ ಮೇಷ್ಟ್ರು ಚೋಕ್ ಚೈನ್ ಜಗ್ಗುತ್ತಾರೆ. ನಾಯಿ ಕಿವಿ ಹಿಂದಕ್ಕೆ ಅಂಟಿಸಿ, ಮೂತಿ ನೆಕ್ಕಿಕೊಳ್ಳುತ್ತ, ಮುಖ ಅತ್ತ ತಿರುಗಿಸಿ ಕೂರುತ್ತದೆ. ಹೆದರಿ ಕೂತದ್ದಕ್ಕೆ 'ವಿಧೇಯ' ಎಂಬ ಸರ್ಟಿಫಿಕೇಟು, ಲ್ಯಾಮಿನೇಷನ್‌ಗೆ ಬೇರೆ ದುಡ್ಡು. ತೋಳಗಳ ಈ ಬಾಸ್‌ಗಿರಿಯನ್ನು 1947ರಲ್ಲಿ ಪ್ರಾಣಿವರ್ತನೆ ತಜ್ಞ ರುಡಾಲ್ಫ್ ಶೆಂಕೆಲ್ ಬರೆದದ್ದು ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ. ಕಾಡಿನ ತೋಳದ ಗುಂಪೆಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರ ಎಂದು ತೋಳ ಸಂಶೋಧಕ ಡೇವಿಡ್ ಮೀಚ್ 1999ರಲ್ಲೇ ತಿದ್ದಿದರು. ಆ ಸುದ್ದಿ ಇನ್ನೂ ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ದಾಟಿ ಬಂದಿಲ್ಲ.

ಮೇಷ್ಟ್ರನ್ನು ಆರಿಸುವವರು ಕೇಳಬೇಕಾದ್ದು ಒಂದೇ, ನಾಯಿ ಮಾತು ಕೇಳದಿದ್ದರೆ ಏನು ಮಾಡ್ತೀರಿ? ಬಾಗಲೂರು ರಸ್ತೆಯ ಹುಡುಗನೊಬ್ಬ ಇದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟ: "ಇನ್ನೊಂದಿಷ್ಟು ದೂರ ನಿಂತು ಕಾಯ್ತೀನಿ ಅಂಕಲ್. ತಾನಾಗಿ ಹತ್ರ ಬಂದ್ರೆ ಕೋಳಿ ತುಂಡು ಕೊಡ್ತೀನಿ. ಬಿಟ್ಟುಹೋದ ನಾಯಿ ಅಲ್ವಾ, ಈಗ್ಲೇ ಗುಂಪು ಕ್ಲಾಸಿಗೆ ಸೇರ್ಸೋದು ಬೇಡ. ತಿಂಗಳುಗಟ್ಲೆ ಹಿಡಿಯುತ್ತೆ."

ಪುಣ್ಯಾತ್ಮರು ಚಪ್ಪಲಿ ಮೆಟ್ಟಿಕೊಂಡು ಎದ್ದೇಬಿಟ್ಟರು. "ಕಾಯೋದಕ್ಕೂ ಫೀಸಾ? ಶೂಲಗಿರೀಲಿ ಹದಿನೈದೇ ದಿನಕ್ಕೆ ಗ್ಯಾರಂಟಿ ಕೊಡ್ತಾರಪ್ಪ!"